ನನ್ನ ಗಂಡನ ಸದ್ದನ್ನು ವಾಪಸು ಕಳಿಸಬೇಕೆಂದು ಕೋರಿ

ಶ್ರೀ ಬ್ರೆಂಡನ್ ಪಾಸ್ಕೋ ಅವರಿಗೆ,
ಮುಖ್ಯಸ್ಥರು, ಧ್ವನಿ ಶುದ್ಧೀಕರಣ ವಿಭಾಗ,
ಪಾಲಿಶ್ಡ್ ಶೆಲ್ ರೆಕಾರ್ಡ್ಸ್, ಆಕ್ಲೆಂಡ್.

ಮಾನ್ಯರೇ,

ಡನೀಡನ್ನಿನ ದಕ್ಷಿಣ ಭಾಗದ ಒಂದು ಒದ್ದೆ ಬೀದಿಯಿಂದ, ಎಂಬತ್ತೊಂದು ವರ್ಷದ ಐಲ್ಸಾ ಲೋಗನ್ ಎಂಬ ಗೃಹಿಣಿ ಮಾಡುವ ಅನಂತ ವಂದನೆಗಳು. ತಾವೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಯೂ, ಸದ್ದು ಸೋಸುವ ತಮ್ಮ ಆ ಅದ್ಭುತ ಯಂತ್ರವೂ ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಕ್ಷೇಮ. ದಕ್ಷಿಣದ ಗಾಳಿ ಮೂರು ದಿನದಿಂದ ಬಿಡದೆ ಬೀಸುತ್ತಿದ್ದು, ಅದನ್ನು ಯಾರೂ ಇನ್ನೂ ಶುದ್ಧಗೊಳಿಸಿಲ್ಲವಾದ್ದರಿಂದ ಚೆನ್ನಾಗಿ ಕೇಳಿಸುತ್ತಿದೆ.

ಮೊದಲಿಗೆ ನನ್ನ ಅರ್ಹತೆ ಹೇಳಿಕೊಳ್ಳಬೇಕು. ತಾವು ಈಗ ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಂಗಾರದ ಅಕ್ಷರ ಹಾಕಿ ಮತ್ತೆ ಬಿಡುಗಡೆ ಮಾಡಿರುವ ‘ಒದ್ದೆ ಉಣ್ಣೆ’ ತಂಡದ ‘ಗೋಡೆಯಾಚೆಯವರಿಗೆ’ ಎಂಬ ಆಲ್ಬಂ ಇದೆಯಲ್ಲ, ಸಾವಿರದ ಒಂಬೈನೂರ ಎಂಬತ್ತೆರಡರ ಚಳಿಗಾಲದಲ್ಲಿ ಅದು ತಯಾರಾದಾಗ ಆ ಗೋಡೆಯ ಆಚೆ ಇದ್ದವಳು ನಾನು. ಅಂದರೆ ಆ ಆಲ್ಬಂ ಯಾರಿಗೆ ಅರ್ಪಿತವಾಗಿದೆಯೋ ಅವಳೇ ನಾನು. ಅದರ ವಿರುದ್ಧ ನಗರದ ಸದ್ದು ನಿಯಂತ್ರಣದ ಅಧಿಕಾರಿಗಳಿಗೆ ಮೂವತ್ತೊಂದು ದೂರುಗಳನ್ನು, ಕಾಗುಣಿತದ ತಪ್ಪಿಲ್ಲದೆ, ಬರೆದವಳೂ ನಾನೇ. ಸದ್ದು ಹೆಚ್ಚಾಯಿತೆಂದು ಬರೆದು ರೂಢಿಯಿರುವ ನಾನು ಸದ್ದು ಸಾಲದೆಂದು ಬರೆಯುತ್ತಿರುವುದು ಇದೇ ಮೊದಲಾದ್ದರಿಂದ, ಅನುಭವದ ಕೊರತೆಯಿಂದ ಏನಾದರೂ ಲೋಪವಾದರೆ ಮನ್ನಿಸಬೇಕು.

ಈ ವಿಷಯವನ್ನು ತಮಗೆ ಖಾಸಗಿಯಾಗಿಯೇ ತಿಳಿಸುವ ಸೌಜನ್ಯವನ್ನು ನಾನು ತೋರಿಸದೆ ಇರಲಿಲ್ಲ. ಎರಡು ವಾರದ ಕೆಳಗೆ ತಮ್ಮ ಕಚೇರಿಗೆ ಇಮೇಲ್ ಮಾಡಿದಾಗ ಅರ್ಧ ನಿಮಿಷದೊಳಗೆ ಉತ್ತರ ಬಂತು. ಅಷ್ಟು ಬೇಗ ಓದಿ, ಯೋಚಿಸಿ, ಬರೆಯಬಲ್ಲವರು ತಮ್ಮಲ್ಲಿದ್ದಾರೆಂದು ಹೆಮ್ಮೆಪಟ್ಟೆ. ‘ಅತಿಯಾದ ಗದ್ದಲದ ಬಗೆಗಿನ ತಮ್ಮ ದೂರು ದಾಖಲಾಗಿದೆ, ಮುಂದಿನ ಮುದ್ರಣದಲ್ಲಿ ಧ್ವನಿಯನ್ನು ಇನ್ನಷ್ಟು ಶುದ್ಧಗೊಳಿಸಲು ಶ್ರಮಿಸುತ್ತೇವೆ’ ಎಂದಿತ್ತು. ಹಾಗಾಗಿ ಈ ಬಹಿರಂಗ ಪತ್ರ. ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಇನ್ನೊಂದನ್ನು ನಮ್ಮ ಬೀದಿಯ ಕಟುಕನ ಅಂಗಡಿಯ ಕಿಟಕಿಗೆ ಅಂಟಿಸಿದ್ದೇನೆ. ಓದುಗರು ಹೆಚ್ಚಿರುವುದು ಅಲ್ಲೇ.

ತಾವು ಏನನ್ನು ತೆಗೆದುಹಾಕಿದಿರೆಂದು ತಮಗೇ ಗೊತ್ತಿಲ್ಲವೆಂಬ ನಂಬಿಕೆಯಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಗಂಡ ಡಂಕನ್ ರೈಲ್ವೆ ವರ್ಕ್‌ಶಾಪಿನಲ್ಲಿ ಬಾಯ್ಲರ್ ಕಟ್ಟುವವನಾಗಿದ್ದ. ಹದಿನಾರನೆಯ ವಯಸ್ಸಿಗೆ ಅವನನ್ನು ಬಾಯ್ಲರಿನ ಹೊಟ್ಟೆಯೊಳಗೆ ಇಳಿಸಿದರು. ಹೊರಗಿನಿಂದ ಒಬ್ಬ ತಗಡು ಬೆಸೆಯುವ ರಿವೆಟ್ ಮೊಳೆ ಹೊಡೆಯುತ್ತಿದ್ದರೆ ಒಳಗಿನಿಂದ ಇನ್ನೊಬ್ಬ ಅದನ್ನು ಒತ್ತಿ ಹಿಡಿಯಬೇಕು. ಆ ಒಳಗಿನವನು ಇವನು. ಆಗಿನವರು ಕಿವಿಗೆ ಹತ್ತಿ ಇಟ್ಟುಕೊಳ್ಳುವವನನ್ನು ಗಂಡಸೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೀಗಾಗಿ ಮೂವತ್ತು ತುಂಬುವುದರೊಳಗೆ ಡಂಕನ್‌ಗೆ ಹಕ್ಕಿಗಳ ಕೂಗು ಹೋಯಿತು, ಕೆಟಲಿನ ಸೀಟಿ ಹೋಯಿತು, ಮೂವತ್ತೈದಕ್ಕೆ ಚರ್ಚಿನ ಹಾಡು ಹೋಯಿತು, ನಲವತ್ತಕ್ಕೆ ನಾನು ಹೋದೆ. ಅಂದರೆ ನನ್ನ ದನಿ ಹೋಯಿತು. ಮದುವೆಯಾದ ಹೊಸತರಲ್ಲಿ ಅಡುಗೆಮನೆಯಿಂದ ಪಿಸುಗುಟ್ಟಿದರೂ ಕೇಳಿಸಿಕೊಂಡು ಬರುತ್ತಿದ್ದವನಿಗೆ, ‘ಟೀ ಬೇಕಾ’ ಎಂದು ಕೇಳಲು ನಾನು ಹಡಗು ಕರೆಯುವವಳ ಹಾಗೆ ಕೂಗಬೇಕಿತ್ತು. ಕೂಗಿ ಹೇಳುವಾಗ ಯಾವ ಮಾತೂ ಒಳ್ಳೆಯ ಮಾತಾಗಿ ಕೇಳಿಸುವುದಿಲ್ಲ, ಮಾನ್ಯರೇ. ‘ನಿನ್ನ ಕೆಮ್ಮು ಹೇಗಿದೆ’ ಎಂಬುದೂ ಜಗಳದ ಹಾಗೆ ಬೀದಿಗೆ ಕೇಳುತ್ತದೆ. ಮೆಲ್ಲಗೆ ಇಬ್ಬರೂ ಮಾತು ಬಿಟ್ಟೆವು. ಜಗಳವಿರಲಿಲ್ಲ. ಎರಡು ಕುರ್ಚಿ, ಒಂದು ಹೀಟರು, ಮಧ್ಯೆ ಏನೂ ಇಲ್ಲ.

ಇಂಥ ಮನೆಯ ಪಕ್ಕದ ಅರ್ಧಕ್ಕೆ (ನಮ್ಮದು ನಡುವೆ ಒಂದೇ ಗೋಡೆಯಿರುವ ಜೋಡಿಮನೆ) ವಿಶ್ವವಿದ್ಯಾಲಯದ ಮೂವರು ಬಾಡಿಗೆಗೆ ಬಂದರು. ಒಬ್ಬಳು ಕಹು, ಬ್ಲಫ್ ಬಂದರಿನಲ್ಲಿ ಸಿಂಪಿ ಹಿಡಿಯುವ ದೋಣಿಯವರ ಮಗಳು; ಗಿಟಾರನ್ನು ಬೆರಳಿನಿಂದ ನುಡಿಸುವ ಬದಲು ಸ್ಕ್ರೂಡ್ರೈವರಿನಿಂದ ವಿಚಾರಣೆ ಮಾಡುತ್ತಿದ್ದಳು. ಇನ್ನೊಬ್ಬಳು ಪ್ರೂಡೆನ್ಸ್, ಪಾದ್ರಿಯ ಮಗಳು. ಚರ್ಚು ಎಸೆದ ಕಾಲೊತ್ತುವ ಹಾರ್ಮೋನಿಯಂ ಒಂದನ್ನು ತಂದು, ಅದು ಚರ್ಚಿನಲ್ಲಿ ಹೇಳಲಾಗದೆ ಉಳಿಸಿಕೊಂಡಿದ್ದನ್ನೆಲ್ಲ ಹೇಳಿಸುತ್ತಿದ್ದಳು. ಮೂರನೆಯವನು ಗ್ರೇಯಮ್, ವೈದ್ಯಕೀಯ ಓದುತ್ತಿದ್ದವನು, ಡ್ರಮ್ ಬಾರಿಸುತ್ತಿದ್ದ. ಅವನು ಬಾರಿಸುವುದನ್ನು ಕೇಳಿ, ಇವನ ಕೈಗೆ ಮುಂದೆ ರೋಗಿಗಳು ಸಿಗುತ್ತಾರಲ್ಲ ಎಂದು ನಾನು ಎಷ್ಟೋ ಸಲ ನೊಂದುಕೊಂಡಿದ್ದೇನೆ.

ಅವರ ಅಭ್ಯಾಸ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಸರಿಯಾಗಿ ನಾನು ಕುರಿಮಾಂಸದ ರೋಸ್ಟನ್ನು ಒಲೆಯಿಂದ ಹೊರತೆಗೆಯುವ ಹೊತ್ತಿಗೆ ಶುರುವಾಗುತ್ತಿತ್ತು. ಮೊದಲನೆಯ ಭಾನುವಾರ ನನ್ನ ಮದುವೆಯ ಪಿಂಗಾಣಿಯಲ್ಲಿ ಗ್ರೇವಿ ಜಗ್ಗು ಹೋಯಿತು. ಎರಡನೆಯ ಭಾನುವಾರ ಗೋಡೆಯ ಮೇಲಿದ್ದ ನಮ್ಮತ್ತೆಯ ಫೋಟೋ ಕೆಳಗೆ ಬಂತು. ಅದಕ್ಕೆ ನನ್ನ ಆಕ್ಷೇಪ ಅಷ್ಟಿರಲಿಲ್ಲ, ಆದರೂ ದೂರಿನಲ್ಲಿ ಸೇರಿಸಿದೆ. ಅಧಿಕಾರಿ ಶ್ರೀ ಪೆಟ್ರಿ ಬಹಳ ಸಭ್ಯರು. ಸದ್ದು ಅಳೆಯುವ ಮೀಟರನ್ನು ಕೊರಳಿಗೆ ತೂಗುಹಾಕಿಕೊಂಡು ಖುದ್ದಾಗಿ ಬಂದರು. ದುರದೃಷ್ಟಕ್ಕೆ ಅದೇ ಹೊತ್ತಿಗೆ ಪಕ್ಕದವರು ಬಿಸ್ಕತ್ತು ತಿನ್ನಲು ನಿಲ್ಲಿಸಿದ್ದರು. ಶ್ರೀ ಪೆಟ್ರಿ ಕಾಯುತ್ತ ಕೂತರು. ಅತಿಥಿ ಬಂದಿದ್ದಾರಲ್ಲ ಎಂದು ನಾನು ಹಿತ್ತಲಿನ ಕಡೆ ತಿರುಗಿ, “ಡಂಕನ್! ಟೀ ಕುಡೀತೀಯಾ?” ಎಂದೆ. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತು. ಅವರು ಅದನ್ನೂ ನನ್ನನ್ನೂ ನೋಡಿ, “ಮಿಸೆಸ್ ಲೋಗನ್, ಸದ್ಯಕ್ಕೆ ಈ ಬೀದೀಲಿ ನಂಗೆ ಸಿಕ್ಕಿರೋ ಸದ್ದು ಇದೊಂದೇ ನೋಡಿ” ಎಂದು ಬರೆದುಕೊಂಡು ಹೋದರು.

ಇಷ್ಟರ ಮೇಲೂ ಛಲ ಬಿಡದೆ ಹನ್ನೆರಡನೆಯ ದೂರನ್ನು ಬರೆಯುತ್ತಿದ್ದ ಒಂದು ಭಾನುವಾರ, ತಲೆಯೆತ್ತಿ ನೋಡಿದರೆ ಡಂಕನ್ ತನ್ನ ಕುರ್ಚಿಯಲ್ಲಿರಲಿಲ್ಲ. ಪಕ್ಕದ ಮನೆಯ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಪತ್ರಿಕೆ ಪಕ್ಕಕ್ಕೆ ಬಿದ್ದಿತ್ತು. ಅವನ ಬಲಗಾಲು ಕುಣಿಯುತ್ತಿತ್ತು.

“ಐಲ್ಸಾ, ಏನೇ ಇದು?” ಎಂದ. “ಯಾರೋ ಏನೋ ಬಾರಿಸ್ತಿದ್ದಾರಲ್ಲ?”

ನಾನು ದೂರಿನ ಕಾಗದವನ್ನೇ ಅವನ ಮುಖಕ್ಕೆ ಹಿಡಿದೆ. ಅವನು ಓದಿದ. “ಸಂಗೀತಾನಾ? ಇದು ಸಂಗೀತಾನಾ? ಮತ್ತೆ ಯಾಕೆ ಹೇಳ್ಲಿಲ್ಲ ನೀನು ಇಷ್ಟು ದಿನ? ನಂಗೆ ಕೇಳ್ತಿದೆ ಕಣೇ!” ಎಂದು ಎದ್ದು, ಟೋಪಿ ಹಾಕಿಕೊಂಡು, ನಡೆದೇಬಿಟ್ಟ.

ಹೊಡೆಯಲು ಹೋದನೆಂದು ನಾನು ತಿಳಿದೆ. ತಡೆಯಬೇಕಾದದ್ದು ಹೆಂಡತಿಯ ಧರ್ಮವಾದರೂ ಹತ್ತು ನಿಮಿಷ ಕಾಲಾವಕಾಶ ಕೊಟ್ಟೆ. ಒಂದು ಗಂಟೆಯಾದರೂ ಸದ್ದು ನಿಲ್ಲದೆ, ಅವನೂ ಬಾರದೆ ಇದ್ದಾಗ ಲಟ್ಟಣಿಗೆ ಹಿಡಿದುಕೊಂಡು ನಾನೇ ಹೋದೆ. ಬಾಗಿಲು ತೆರೆದಿತ್ತು. ಡಂಕನ್ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಕಹುವಿನ ಆಂಪ್ಲಿಫೈಯರನ್ನು ಎರಡೂ ಕೈಯಿಂದ ತಬ್ಬಿ, ಅದಕ್ಕೆ ಕೆನ್ನೆಯೊತ್ತಿ ಕಣ್ಣು ಮುಚ್ಚಿಕೊಂಡಿದ್ದ. ನನ್ನನ್ನು ಅವನು ಹಾಗೆ ತಬ್ಬಿ ಎಷ್ಟು ವರ್ಷವಾಗಿತ್ತೆಂಬುದು ತಮ್ಮ ಕಚೇರಿಗೆ ಸಂಬಂಧಪಟ್ಟ ವಿಷಯವಲ್ಲ.

“ಆಂಟಿ, ಬನ್ನಿ, ಕೂತ್ಕೊಳ್ಳಿ,” ಎಂದಳು ಕಹು.

“ನಾನು ನಿನ್ನ ಆಂಟಿ ಅಲ್ಲ,” ಎಂದೆ.

“ಪಕ್ಕದ್ಮನೇಲಿದ್ದು ಬೈಯೋರೆಲ್ಲ ನಮ್ಮೂರಲ್ಲಿ ಆಂಟೀನೇ. ಲಟ್ಟಣಿಗೆ ಅಲ್ಲಿಡಿ, ಅದನ್ನೂ ರೆಕಾರ್ಡ್ ಮಾಡ್ಕೋತೀವಿ.”

ಡಂಕನ್ ಕಣ್ಣುಬಿಟ್ಟು ಗ್ರೇಯಮನ ಡ್ರಮ್ಮುಗಳನ್ನು ಒಂದೊಂದಾಗಿ ಬೆರಳಿಂದ ತಟ್ಟಿ ನೋಡಿದ. “ಹುಡುಗಿ ಹತ್ರ ಇರೋದು ಸಾಮಾನು. ನಿಂದೇನಪ್ಪಾ ಇದು, ಬಿಸ್ಕತ್ ಡಬ್ಬ! ಇರು, ಮುಂದಿನ ವಾರ ನಾನು ತರ್ತೀನಿ,” ಎಂದ. ಮುಂದಿನ ಭಾನುವಾರ, ಫೋರ್‌ಮನ್ನನ ಅಪ್ಪಣೆ ಪಡೆದು ವರ್ಕ್‌ಶಾಪಿನ ಗುಜರಿಯಿಂದ ಬಾಯ್ಲರಿನ ಒಂದು ಉಕ್ಕಿನ ತಗಡನ್ನು, ಬಾಗಿಲಿನಷ್ಟು ಉದ್ದದ್ದು, ಇಬ್ಬರ ಕೈಲಿ ಹೊರಿಸಿಕೊಂಡು ಬಂದು ಅವರ ಹಜಾರದ ತೊಲೆಗೆ ಸರಪಳಿ ಹಾಕಿ ತೂಗಿಬಿಟ್ಟ. ಆಮೇಲೆ ತನ್ನ ರಿವೆಟ್ ಸುತ್ತಿಗೆ ತೆಗೆದ.

ಮಾನ್ಯರೇ, ತಮ್ಮ ಶುದ್ಧ ಕಿವಿಗಳಿಗೆ ಮುಟ್ಟುವ ಹಾಗೆ ಅದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಒಂದು ಏಟಿಗೆ ಬೀದಿಯ ನಾಯಿಗಳೆಲ್ಲ ಸುಮ್ಮನಾದವು. ಎರಡನೆಯದಕ್ಕೆ ಪ್ರೂಡೆನ್ಸಳ ತಂದೆ, ಮಗಳನ್ನು ನೋಡಲು ಬಂದಿದ್ದವರು, ಗೇಟಿನಿಂದಲೇ ಹಿಂದಿರುಗಿದರು.

ಚಳಿ ಕೊರೆಯುವ ಆಗಸ್ಟ್ ತಿಂಗಳ ಮೂರು ಭಾನುವಾರಗಳಲ್ಲಿ, ಯಾರಿಂದಲೋ ಎರವಲು ತಂದ ಒಂದು ಟೇಪ್ ಯಂತ್ರದಲ್ಲಿ ಅವರು ಆಲ್ಬಂ ಮುಗಿಸಿದರು. ಎರಡನೆಯ ಬದಿಯ ನಾಲ್ಕನೆಯ ಹಾಡು ‘ಬಾಯ್ಲರ್’, ಹನ್ನೊಂದು ನಿಮಿಷ, ಅದರಲ್ಲಿ ನಾಲ್ಕನೆಯ ನಿಮಿಷದಿಂದ ಕೊನೆಯವರೆಗೆ ಸುತ್ತಿಗೆ ಹಿಡಿದವನು ಡಂಕನ್ ಲೋಗನ್. ಈಗ ದೊಡ್ಡ ದೊಡ್ಡ ವಿಮರ್ಶಕರು ಆ ಹಾಡಿನಲ್ಲಿ ಏಟುಗಳು ತಾಳಕ್ಕಿಂತ ಕೂದಲೆಳೆಯಷ್ಟು ಮುಂದೆ ಬೀಳುವುದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಕಾಲಕ್ಕಿಂತ ಮುಂದಿದ್ದ ಸಂಗೀತವೆನ್ನುತ್ತಾರೆ. ನಾನು ಅಲ್ಲೇ ಬಾಗಿಲಲ್ಲಿ ಚೀಸ್ ರೋಲಿನ ತಟ್ಟೆ ಹಿಡಿದು ನಿಂತಿದ್ದೆ. (ದೂರು ಕೊಡುವುದು ಬೇರೆ, ಹಸಿದವರಿಗೆ ತಿನ್ನಲು ಕೊಡುವುದು ಬೇರೆ.) ಕಹು ಅವನ ತೋಳು ಹಿಡಿದು ಬಾಯಿ ದೊಡ್ಡದು ಮಾಡಿ, “ಡಂಕ್ ಅಂಕಲ್, ನೀವು ತಾಳಕ್ಕಿಂತ ಮುಂದೆ ಓಡ್ತಿದ್ದೀರ!” ಎಂದಳು. ಅವನು ತುಟಿ ಓದಿ, “ನಾನು ಸರಿಯಾಗೇ ಇದ್ದೀನಿ. ಆ ಡಾಕ್ಟರ್ ಹುಡುಗಂಗೆ ಬೇಗ ಬಾ ಅನ್ನು,” ಎಂದ. ಗ್ರೇಯಮನ ಡ್ರಮ್ಮು ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಬಾಯ್ಲರಿನ ಆಚೆ ಬದಿಯಲ್ಲಿ ಸುತ್ತಿಗೆ ಹಿಡಿದವನ ತೋಳು ಮೇಲೇಳುವುದನ್ನು ಊಹಿಸಿ ಒತ್ತಿ ಹಿಡಿಯುವುದು ಇಪ್ಪತ್ತೆಂಟು ವರ್ಷ ಅವನು ಮಾಡಿದ ಕೆಲಸ. ಏಟು ಬೀಳುವ ಮೊದಲೇ ಅವನು ಅಲ್ಲಿರಬೇಕು, ಇಲ್ಲದಿದ್ದರೆ ಬೆರಳು ಉಳಿಯುವುದಿಲ್ಲ. ಕಾಲಕ್ಕಿಂತ ಮುಂದಿರುವುದೆಂದರೆ ಅದು.

ಇಪ್ಪತ್ತೇಳನೆಯ ದೂರನ್ನು ನಾನು ಬರೆದದ್ದು ನನ್ನ ಗಂಡನ ವಿರುದ್ಧವೇ. ರೂಢಿ ತಪ್ಪಬಾರದಲ್ಲ. ಶ್ರೀ ಪೆಟ್ರಿ ಫೋನ್ ಮಾಡಿ, “ಸದ್ದು ಮಾಡಿದವರ ವಿಳಾಸ ಅಂತಿರೋ ಕಡೆ ನಿಮ್ಮ ವಿಳಾಸಾನೇ ಬರ್ದಿದ್ದೀರಲ್ಲ ತಾಯಿ, ಇದೇನು ಕಣ್ತಪ್ಪಾ?” ಎಂದು ಕೇಳಿದರು. ಕಣ್ತಪ್ಪಲ್ಲ, ಮನೆತಪ್ಪು ಎಂದೆ. ಅವರು ನಗದಿರಲು ಬಹಳ ಪ್ರಯತ್ನಪಟ್ಟರು.

ಆಲ್ಬಂ ಹೊರಬಂದು ಏನು ಜಯಭೇರಿ ಬಾರಿಸಿತೆಂದು ತಮ್ಮ ಪೆಟ್ಟಿಗೆಯೊಳಗಿನ ಚಂದದ ಪುಸ್ತಿಕೆ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಅಚ್ಚು ಹಾಕುವವರು ಟೇಪು ಕೆಟ್ಟಿದೆಯೆಂದು ಎರಡು ಸಲ ವಾಪಸು ಕಳಿಸಿದರು. ಒಂದು ರೇಡಿಯೋದವರು ಒಂದೇ ಒಂದು ಸಲ ನಲವತ್ತು ಸೆಕೆಂಡು ಹಾಕಿದರು. ಕೇಳುಗರು ಪ್ರಸಾರ ಗೋಪುರ ಬಿದ್ದುಹೋಯಿತೆಂದು ತಿಳಿದು ಫೋನ್ ಮಾಡಿದರು. ಪತ್ರಿಕೆಯ ವಿಮರ್ಶಕನೊಬ್ಬ, ಚಮಚಗಳ ಡ್ರಾಯರೊಂದು ಮೆಟ್ಟಿಲಿಂದ ಉರುಳುತ್ತಿದೆ, ದುಃಖವೆಂದರೆ ಮೆಟ್ಟಿಲು ಮುಗಿಯುವುದೇ ಇಲ್ಲ ಎಂದು ಬರೆದ. ಕೊಂಡವರಲ್ಲಿ ಅರ್ಧಕ್ಕರ್ಧ ಜನ ಅಂಗಡಿಗೆ ಹಿಂದಿರುಗಿಸಿದರು. ನಮ್ಮ ಕಟುಕನ ತಂದೆ, ಆಗ ಅಂಗಡಿ ಅವರದ್ದು, ಮಾಂಸ ಕಟ್ಟಿಕೊಡುತ್ತ, “ಯಜಮಾನ್ರು ಈಗ ಪಾಪ್ ಸ್ಟಾರ್ ಅಂತೆ? ಮೂಳೆ ಹೊಡ್ಯೋಕೆ ನಮ್ಮಂಗ್ಡೀಗೂ ಕಳ್ಸಿ,” ಎಂದರು. ನಾನು ನಾಚಿಕೆಯಿಂದ ಒಂದು ತಿಂಗಳು ಮೀನು ತಿಂದೆ.

ಮೂವರೂ ಚದುರಿದರು. ಪ್ರೂಡೆನ್ಸ್ ಹಡಗಿನಲ್ಲಿ ಎತ್ತಲೋ ಹೋದಳು. ಗ್ರೇಯಮ್ ಕಿವಿಯ ಡಾಕ್ಟರಾದ, ಪಾಪಪರಿಹಾರಕ್ಕೆ ಇರಬೇಕು. ಡಂಕನ್‌ಗೆ ಎರಡು ಸಲ ಕಿವಿಯ ಯಂತ್ರ ಹಾಕಿದವನು ಅವನೇ, ಎರಡೂ ಸಲ ಅದನ್ನು ಡಂಕನ್ ಹಿತ್ತಲಲ್ಲಿ ಕಳೆದ. ಕಹು ಇನ್ವರ್ಕಾರ್ಗಿಲ್ ಊರಿನಲ್ಲಿ ಶಾಲೆಯ ಮೇಡಂ ಆದಳು; ಈಗ ನಿವೃತ್ತಳು. ಅವಳ ಶಾಲೆಯಲ್ಲಿ ಮಕ್ಕಳು ಗದ್ದಲ ಮಾಡಿದರೆ ಬೈಯುವ ಬದಲು ಯಾವ ಸ್ವರದಲ್ಲಿ ಮಾಡುತ್ತಿದ್ದಾರೆಂದು ಕೇಳುತ್ತಿದ್ದಳಂತೆ. ಪ್ರತಿ ವರ್ಷ ಸಿಂಪಿಯ ಕಾಲದಲ್ಲಿ ಒಂದು ಚೀಲ ಸಿಂಪಿ ನಮ್ಮ ಬಾಗಿಲಿಗೆ ಬರುತ್ತದೆ. ಮೇಲಿನ ಚೀಟಿಯಲ್ಲಿ ‘ಆಂಟಿಗೆ, ಮೂವತ್ತೊಂದು ಕ್ಷಮಾಪಣೆಗಳು’ ಎಂದಿರುತ್ತದೆ.

ಇನ್ನು ನನ್ನ ವಿಷಯ. ಈ ಆಲ್ಬಮ್ಮನ್ನು ನಾನು ಗೋಡೆಯ ಮೂಲಕ ಕೇಳಿದ್ದೆ, ಬಾಗಿಲಲ್ಲಿ ನಿಂತು ಕೇಳಿದ್ದೆ, ಆದರೆ ಕೂತು ಕೇಳಿದ್ದು ಹನ್ನೆರಡು ವರ್ಷದ ಹಿಂದೆ, ಡಂಕನ್ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ. ನೋಡುವ ಹೊತ್ತು ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಪಕ್ಕದ ಮನೆ ಖಾಲಿಯಿತ್ತು. ಎಷ್ಟೋ ವರ್ಷದಿಂದ ನಾನು ಬೇಡಿಕೊಂಡಿದ್ದ ನಿಶ್ಶಬ್ದವೆಲ್ಲ ಒಟ್ಟಿಗೆ ಬಂದು ಅಡುಗೆಮನೆಯಲ್ಲಿ ಕೂತಿತ್ತು. ತಡೆಯಲಾರದೆ ಆ ರೆಕಾರ್ಡು ಹಾಕಿದೆ, ಪೂರ್ತಿ ದನಿಯಲ್ಲಿ.

ಮೊದಲ ಬದಿ ಚಂದವೇನಲ್ಲ, ಸುಳ್ಳು ಹೇಳಲಾರೆ. ಹಾರ್ಮೋನಿಯಂ ಹಳೇ ಕುದುರೆಯ ಹಾಗೆ ಉಸಿರಾಡುತ್ತದೆ. ಕಹು ಹಾಡುವುದಿಲ್ಲ, ದೋಣಿಯಿಂದ ದಡಕ್ಕೆ ಕೂಗುವವರ ಹಾಗೆ ಒಂದೊಂದೇ ಮಾತನ್ನು ಎಸೆಯುತ್ತಾಳೆ, ಅದು ತಲುಪಿತೋ ಇಲ್ಲವೋ ಎಂದು ಕಾಯುತ್ತಾಳೆ. ನನಗೆ ಆ ಕಾಯುವಿಕೆ ಗೊತ್ತಿತ್ತು. ‘ಟೀ ಬೇಕಾ’ ಎಂದು ಕೂಗಿ ನಾನು ಕಾದದ್ದು ಅದೇ. ಗಿಟಾರು ಒದ್ದೆ ಕಿಟಕಿಯ ಮೇಲೆ ಉಗುರೆಳೆದ ಹಾಗಿತ್ತು. ಆದರೆ ಮೂರನೆಯ ಹಾಡಿನ ಹೊತ್ತಿಗೆ ಆ ಉಗುರು ಯಾರೋ ಒಳಗೆ ಬರಲು ಕೇಳುತ್ತಿರುವಂತೆ ಕೇಳಿಸತೊಡಗಿತು. ಅಷ್ಟು ಹೊತ್ತಿಗೆ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಆಮೇಲೆ ಎರಡನೆಯ ಬದಿ, ಅದರ ಕೊನೆಗೆ ‘ಬಾಯ್ಲರ್’. ನಾಲ್ಕನೆಯ ನಿಮಿಷ. ಆ ಉಕ್ಕು.

ಅವನು ಇಷ್ಟು ಮಾತಾಡುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ, ಮಾನ್ಯರೇ. ಏಳು ನಿಮಿಷ ಒಂದೇ ಸಮನೆ. ಕೆಲವು ಏಟು ಕೋಪದ್ದು, ಸರಿ. ಆದರೆ ಕೆಲವು ತೀರಾ ಹಗುರ, ಮಗುವಿನ ಬೆನ್ನು ತಟ್ಟಿದ ಹಾಗೆ. ಮಕ್ಕಳಿಲ್ಲದ ಮನೆಯಲ್ಲಿ ಅವನು ಅದನ್ನು ಎಲ್ಲಿ ಕಲಿತನೋ. ಕೊನೆಗೆ ಒಂದೇ ಏಟು, ಉಕ್ಕಿನ ಕಂಪನ ಪೂರಾ ನಿಲ್ಲುವವರೆಗೆ ಯಾರೂ ಏನೂ ನುಡಿಸುವುದಿಲ್ಲ. ರೆಕಾರ್ಡು ಮುಗಿದು ಮುಳ್ಳು ಸುಮ್ಮನೆ ಸುತ್ತುತ್ತಿರುವಾಗ ಕೋಟು ಹಾಕಿಕೊಂಡು, ನೋಡುವ ಹೊತ್ತು ಮುಗಿದಿದ್ದರೂ, ಮತ್ತೆ ಆಸ್ಪತ್ರೆಗೆ ಹೋದೆ. ನರ್ಸು ತಡೆದಳು. ನಾನು ದೂರು ಬರೆಯುವುದರಲ್ಲಿ ನುರಿತವಳೆಂದು ತಿಳಿಸಿದೆ. ಒಳಗೆ ಬಿಟ್ಟಳು.

ಈಗ ತಮ್ಮ ಸಂಸ್ಥೆಯ ಉಪಕಾರಕ್ಕೆ ಬರುತ್ತೇನೆ. ನಾಲ್ಕು ದಶಕದ ಮೇಲೆ ಲೋಕಕ್ಕೆ ಈ ಆಲ್ಬಂ ಇದ್ದಕ್ಕಿದ್ದಂತೆ ಕೇಳಿಸಿತು. ದೂರದೂರದ ದೇಶಗಳಿಂದ ಗಡ್ಡದವರು ಬಂದು ನಮ್ಮ ಮನೆಯ ಗೋಡೆಯ ಫೋಟೋ ತೆಗೆದರು. ಒಸಾಕದಿಂದ ಬಂದ ಒಬ್ಬ ಸಭ್ಯಸ್ಥ ಅದಕ್ಕೆ ನಡುಬಗ್ಗಿಸಿ ನಮಿಸಿದ. ಆ ಗೋಡೆಗೆ ನಾನು ಪೊರಕೆಯ ಹಿಡಿಯಿಂದ ಎಷ್ಟು ಸಲ ಗುದ್ದಿದ್ದೇನೆಂದು ಅವನಿಗೆ ಹೇಳಲು ಮನಸ್ಸಾಗಲಿಲ್ಲ. ತಾವು ಬಂದಿರಿ, ಹಕ್ಕು ಪಡೆದಿರಿ, ಶುದ್ಧಗೊಳಿಸಿದಿರಿ, ಕಳೆದ ತಿಂಗಳು ಇದೇ ಊರಿನ ಒಂದು ಸಭಾಂಗಣದಲ್ಲಿ ಶನಿವಾರ ಮಧ್ಯಾಹ್ನ ಬಿಡುಗಡೆಯ ಸಮಾರಂಭ ಏರ್ಪಡಿಸಿ ನಮ್ಮನ್ನೂ ನೆರೆಹೊರೆಯವರೆಂದು ದಯಮಾಡಿ ಕರೆದಿರಿ. ಡಂಕನ್‌ಗೆ ಈಗ ಎಂಬತ್ತಾರು. ಬೆಳಗ್ಗೆಯೇ ಕ್ಷೌರ ಮಾಡಿಕೊಂಡ. ಮದುವೆಯ ಟೈ ಕಟ್ಟಿಕೊಂಡ. ಅವನನ್ನು ಮುಂದಿನ ಸಾಲಿನಲ್ಲಿ, ಸ್ಪೀಕರಿನ ಪಕ್ಕದಲ್ಲೇ ಕೂರಿಸಿ, ಅವನ ಅಂಗೈಯನ್ನು ಅದರ ಮರದ ಮೇಲೆ ಇಟ್ಟೆ. ಹಿಂದಿನ ಸಾಲಿನಿಂದ ಕಹು ಬಂದು ಅವನ ಭುಜ ತಟ್ಟಿದಳು.

ತಮ್ಮ ಭಾಷಣ ಸೊಗಸಾಗಿತ್ತು. ‘ಬಾಯ್ಲರ್’ ಹಾಡನ್ನು ದಶಕಗಳ ಕಾಲ ಕೆಡಿಸಿದ್ದ, ಹತ್ತಿರದ ಯಾವುದೋ ಕಾರ್ಖಾನೆಯಿಂದ ನುಗ್ಗಿಬಂದಿದ್ದ ಅಪರಿಚಿತ ಯಂತ್ರದ ಸದ್ದನ್ನು ನಾವು ಸಂಪೂರ್ಣವಾಗಿ ತೆಗೆದಿದ್ದೇವೆ ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಡಂಕನ್‌ಗೆ ಅದು ಕೇಳಿಸಲಿಲ್ಲ. ಎಲ್ಲರೂ ತಟ್ಟಿದ್ದು ಕಂಡು ಅವನೂ ತಟ್ಟಿದ. ಆಮೇಲೆ ಮತ್ತೆ ಅಂಗೈಯನ್ನು ಮರದ ಮೇಲಿಟ್ಟ.

ಹಾಡು ಶುರುವಾಯಿತು. ಎರಡು ನಿಮಿಷ ಹೋಯಿತು. ಮೂರು ಹೋಯಿತು. ನಾಲ್ಕಾಯಿತು, ಐದಾಯಿತು. ಅವನು ಇನ್ನೊಂದು ಅಂಗೈಯನ್ನೂ ಇಟ್ಟ. ಹಣೆ ಮುಟ್ಟಿಸಿದ. ಆಮೇಲೆ ನನ್ನ ಕಡೆ ತಿರುಗಿ, ಕಿವುಡರು ಪಿಸುಗುಟ್ಟುತ್ತಿದ್ದೇವೆಂದು ತಿಳಿದು ಮಾತಾಡುವ ದನಿಯಲ್ಲಿ, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ, “ಐಲ್ಸಾ, ನಾನು ಯಾವಾಗ ಬರ್ತೀನಿ?” ಎಂದು ಕೇಳಿದ.

ನಾನು ತಮ್ಮ ಕಡೆ ನೋಡಿದೆ. ತಾವು ವೇದಿಕೆಯ ಮೇಲೆ ಗಡಿಯಾರ ನೋಡಿಕೊಂಡಿರಿ.

“ಇನ್ನೂ ಬರ್ಲಿಲ್ವಲ್ಲ ಕಣೇ,” ಎಂದ ಅವನು. “ನಾನು ಸರಿಯಾಗಿ ಹೊಡೀಲಿಲ್ಲ ಅನ್ಸುತ್ತೆ. ತೆಗ್ದುಹಾಕಿರ್ಬೇಕು.”

ಆಗ ನಾನು ಮಾಡಿದ ಕೆಲಸವನ್ನು ತಾವು ಆಮೇಲೆ ಪತ್ರಿಕೆಯವರ ಮುಂದೆ ‘ಒಬ್ಬ ವೃದ್ಧೆಯ ಗೊಂದಲ’ ಎಂದು ಸೌಜನ್ಯದಿಂದ ಬಣ್ಣಿಸಿದಿರಿ. ಗೊಂದಲವೇನೂ ಇರಲಿಲ್ಲ. ಕಹುವಿನ ಸಹಿ ಹಾಕಿಸಿಕೊಳ್ಳೋಣವೆಂದು ನಮ್ಮ ಹಳೆಯ ರೆಕಾರ್ಡನ್ನು ತರಕಾರಿ ಚೀಲದಲ್ಲಿ ತಂದಿದ್ದೆ. ಮೆಟ್ಟಿಲು ಹತ್ತಿ, ತಮ್ಮ ತಿರುಗುತ್ತಿದ್ದ ತಟ್ಟೆಯನ್ನು ಎತ್ತಿ ತಮ್ಮ ಕೈಗೇ ಕೊಟ್ಟು, ನಮ್ಮದನ್ನು ಹಾಕಿದೆ. “ಮೇಡಂ, ಆ ಮುಳ್ಳು ತುಂಬಾ ಸೂಕ್ಷ್ಮದ್ದು!” ಎಂದು ತಾವು ಮುಂದೆ ಬಂದಿರಿ. ಕಹು ತಮ್ಮ ದಾರಿಗೆ ಅಡ್ಡ ನಿಂತು, “ಪಾಸ್ಕೋ ಸಾರ್, ನೀವು ಕೂತ್ಕೊಳ್ಳಿ. ಆ ಅಪರಿಚಿತ ಯಂತ್ರ ಅಲ್ಲಿ ಮುಂದಿನ ಸಾಲಲ್ಲಿ ಟೈ ಕಟ್ಕೊಂಡು ಕೂತಿದೆ,” ಎಂದಳು. ಹಾಗೆ ಹೇಳುತ್ತಲೇ ದನಿಯ ಗುಬುಟನ್ನು ಅದು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೆ ತಿರುಗಿಸಿದಳು.

ಗೀರುಗಳು, ಕರಕರ, ಹಾರ್ಮೋನಿಯಂನ ಉಬ್ಬಸ. ಆಮೇಲೆ ಉಕ್ಕು. ಟೀ ಕಪ್ಪುಗಳು ಮೇಜಿನ ತುದಿಗೆ ನಡೆದವು. ಡಂಕನ್ ಎರಡೂ ಅಂಗೈಗಳನ್ನು ಸ್ಪೀಕರಿಗೆ ಒತ್ತಿ, ಮೊದಲ ಏಟಿಗೆ ಬೆಚ್ಚಿ, ಎರಡನೆಯದಕ್ಕೆ ಕಣ್ಣುಮುಚ್ಚಿ, “ಹಾಂ, ಬಂದೆ,” ಎಂದ. ಸಭೆಯಲ್ಲಿದ್ದ ಗಡ್ಡದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಆರು ನಿಮಿಷದ ಮೇಲೆ ಪಕ್ಕದ ಕೋಣೆಯ ಇಸ್ಪೀಟು ಕ್ಲಬ್ಬಿನ ಕಾರ್ಯದರ್ಶಿಣಿ ಬಾಗಿಲಲ್ಲಿ ನಿಂತು ಸದ್ದು ಕಡಿಮೆ ಮಾಡಲಾಗುವುದೇ ಎಂದು ಕೇಳಿದರು. ಅವರ ಕಷ್ಟ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದ್ದರಿಂದ ದೂರು ಬರೆದುಕೊಡಲು ಅವರಿಗೆ ನನ್ನ ಪೆನ್ನನ್ನೇ ಕೊಟ್ಟೆ.

ಈ ಹಿನ್ನೆಲೆಯಲ್ಲಿ ನನ್ನ ಕೆಲವು ಸಣ್ಣ ಕೋರಿಕೆಗಳು. ತಮ್ಮ ಪುಸ್ತಿಕೆಯ ಒಂಬತ್ತನೆಯ ಪುಟದಲ್ಲಿ ‘ಅಪರಿಚಿತ ಯಂತ್ರ (ನಿವಾರಿಸಲಾಗಿದೆ)’ ಎಂದಿರುವ ಕಡೆ ‘ಸುತ್ತಿಗೆ: ಡಂಕನ್ ಲೋಗನ್, ಬಾಯ್ಲರ್ ಕೆಲಸಗಾರ’ ಎಂದು ಅಚ್ಚಾಗಬೇಕು. ಹಾಡು ಮೊದಲಿದ್ದಂತೆ, ಅದರ ಗೀರು ಕೆಮ್ಮುಗಳ ಸಮೇತ, ವಾಪಸು ಬರಬೇಕು. ತೆಗೆದುಹಾಕಿದ ಏಳು ನಿಮಿಷದ ಸದ್ದು ತಮ್ಮ ಕಚೇರಿಯಲ್ಲಿ ಎಲ್ಲೋ ಬಿದ್ದಿರಬೇಕಲ್ಲ, ಅದನ್ನು ಗುಡಿಸಿ ಎಸೆಯದೆ ಒಂದು ಪೆಟ್ಟಿಗೆಗೆ ತುಂಬಿ ಅಂಚೆಯಲ್ಲಿ ಕಳಿಸಿಕೊಡಬೇಕು. ನಮ್ಮ ಷೆಡ್ಡಿನಲ್ಲಿ ಜಾಗವಿದೆ. ಅಂಚೆಯವನು ಅಲ್ಲಾಡಿಸದೆ ತರಲೆಂದು ಮೇಲೆ ಬರೆಯುವ ಅಗತ್ಯವಿಲ್ಲ, ಅಲ್ಲಾಡಿಸಿದಷ್ಟೂ ಒಳ್ಳೆಯದೇ. ತಮ್ಮ ಯಂತ್ರ ಅಷ್ಟು ಶಕ್ತವಾಗಿದ್ದರೆ ಅದನ್ನು ನಮ್ಮ ಮನೆಗೆ ತಂದು, ನಾವಿಬ್ಬರೂ ಮಾತಾಡದೆ ಕಳೆದ ವರ್ಷಗಳ ನಿಶ್ಶಬ್ದವನ್ನೂ ತೆಗೆದುಕೊಡಬೇಕೆಂದು ಕೇಳೋಣವೆಂದಿದ್ದೆ. ಆದರೆ ಅದು ತಮ್ಮ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲವೇನೋ.

ಕೊನೆಯದಾಗಿ ಒಂದು ತಿಳುವಳಿಕೆ. ಸಮಾರಂಭದಿಂದ ಮನೆಗೆ ಬಂದ ಮೇಲೆ ಡಂಕನ್ ಎರಡು ದಿನ ತಮ್ಮ ಪುಸ್ತಿಕೆಯನ್ನೂ, ಪತ್ರಿಕೆಯಲ್ಲಿ ಬಂದ ತಮ್ಮ ಭಾಷಣವನ್ನೂ ಓದಿದ. ಮೂರನೆಯ ದಿನ ತಿಂಡಿಯ ಹೊತ್ತಿಗೆ, “ಆ ತೆಗ್ದುಹಾಕಿದ ಯಂತ್ರ ನಾನೇನೇ?” ಎಂದು ಕೇಳಿದ. ಹೌದೆಂದು ತಲೆಯಾಡಿಸಿದೆ. ಅವನು ತುಂಬ ಹೊತ್ತು ಟೋಸ್ಟಿಗೆ ಬೆಣ್ಣೆ ಸವರಿದ. ಆಮೇಲೆ, “ಒಂದಿಡೀ ಕಾರ್ಖಾನೆ ನುಗ್ಗಿ ಬಂದ ಥರ ಕೇಳ್ತಂತಾ ಅವ್ರಿಗೆ? ನಾನೊಬ್ನೇ?” ಎಂದು, ಅರವತ್ತು ವರ್ಷದಲ್ಲಿ ನಾನು ಕಾಣದ ಠೀವಿಯಿಂದ ಎದೆಯುಬ್ಬಿಸಿದ. ಕಹು ಮಾರನೆಯ ದಿನವೇ ಬಂದಳು. ಇಷ್ಟು ವರ್ಷ ಷೆಡ್ಡಿನಲ್ಲಿದ್ದ ತಗಡು ಈಗ ನಮ್ಮ ಹಜಾರದಲ್ಲೇ ತೂಗುತ್ತಿದೆ. ಹೊಸ ಆಲ್ಬಮ್ಮಿನ ಮೂರು ಹಾಡು ಮುಗಿದಿವೆ. ನಾಲ್ಕನೆಯದರಲ್ಲಿ ಲಟ್ಟಣಿಗೆ ನನ್ನದು. ನಾನು ತಾಳಕ್ಕಿಂತ ಹಿಂದೆ ಬೀಳುತ್ತೇನೆಂದು ಡಂಕನ್ ಬೈಯುತ್ತಾನೆ. ಬೈಯಲಿ.

ಇಂತು, ಇನ್ನೂ ಶುದ್ಧೀಕರಣಕ್ಕೆ ಒಳಪಡದ ತಮ್ಮ ವಿಶ್ವಾಸಿ,
ಐಲ್ಸಾ ಲೋಗನ್

ಮರೆತ ಮಾತು: ಈ ಪತ್ರ ತಲುಪಿದ ಮೇಲೆ ಸಮಾಧಾನ ಹೇಳಲು ದಯವಿಟ್ಟು ಫೋನ್ ಮಾಡಬೇಡಿ. ಡಂಕನ್‌ಗೆ ಕೇಳಿಸುವುದಿಲ್ಲ. ನಾನು ಕೇಳುವುದಿಲ್ಲ.